ಹಳೆಯ ಬೇರಿಗೆ ಹೊಸ ಕುಡಿ

ಆಲೂರು-ಸಕಲೇಶಪುರದ ಕಾಫಿ ಸೀಮೆಯಲ್ಲಿ ಎಷ್ಟೋ ಮನೆಗಳ ಬೆಳಗು ಇಂದು ಮೊಬೈಲಿಗೆ ಬರುವ ಒಂದು ಸಂದೇಶದಿಂದ ಆರಂಭವಾಗುತ್ತದೆ. ಕಾಡಾನೆಗಳ ಹಿಂಡು ರಾತ್ರಿ ಯಾವ ತೋಟದಲ್ಲಿ ತಂಗಿತ್ತು, ಈಗ ಯಾವ ಕೆರೆಯ ಏರಿಯ ಮೇಲೆ ಹಾದುಹೋಯಿತು, ಇಂದು ಯಾವ ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸಬಾರದು ಎಂಬುದನ್ನು ಅರಣ್ಯ ಇಲಾಖೆಯ ಸಿಬ್ಬಂದಿಯೂ ಊರಿನವರೂ ವಾಟ್ಸಾಪ್ ಗುಂಪುಗಳಲ್ಲಿ ತಿಳಿಸುತ್ತಾರೆ. 2014ರ ಸುಮಾರಿಗೆ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಸಂಘರ್ಷ ನಿಲ್ಲಲಿಲ್ಲ. ಆದುದರಿಂದ ಲೈನ್ ಮನೆಯಿಂದ ಮಂಜಿನಲ್ಲಿ ಕೆಲಸಕ್ಕೆ ಹೊರಡುವ ಕಾರ್ಮಿಕಳ ಪಾಲಿಗೆ ಕೈಯಲ್ಲಿರುವ ಫೋನು ಶೋಕಿಯ ವಸ್ತುವಲ್ಲ. ಅದು ಹಿಂದಿನವರ ಕೈಯಲ್ಲಿದ್ದ ದೊಂದಿಯ ಸ್ಥಾನದಲ್ಲಿದೆ.

ಈ ದೊಂದಿಯನ್ನು ದೂರದಲ್ಲಿ ಕುಳಿತವರು ಆರಿಸಬಲ್ಲರು. 2023ರ ಅಕ್ಟೋಬರ್ 24ರಂದು ವಾಟ್ಸಾಪ್ ಸಂಸ್ಥೆಯು ಆಂಡ್ರಾಯ್ಡ್ 5.0ಕ್ಕಿಂತ ಹಿಂದಿನ ಆವೃತ್ತಿಯ ಫೋನುಗಳಿಗೆ ತನ್ನ ಸೇವೆಯನ್ನು ನಿಲ್ಲಿಸಿತು. ಅಂತಹ ಫೋನುಗಳ ಪರದೆ ಒಡೆದಿರಲಿಲ್ಲ, ಧ್ವನಿ ಕೆಟ್ಟಿರಲಿಲ್ಲ, ಸಿಮ್ ಸತ್ತಿರಲಿಲ್ಲ. ಆದರೂ ಅವು ಸಂದೇಶದ ಮಟ್ಟಿಗೆ ಮೂಕವಾದವು. ಒಂದು ವಸ್ತು ಸವೆದು ಹಾಳಾಗುವುದು ಪ್ರಕೃತಿಯ ನಿಯಮ. ಸವೆಯುವ ಮೊದಲೇ ಅದನ್ನು ಹಾಳೆಂದು ಸಾರುವುದು ವ್ಯಾಪಾರದ ಹುನ್ನಾರ. ಈ ಎರಡರ ನಡುವಣ ಅಂತರವನ್ನು ಮಲೆನಾಡಿನ ಪರಿಸರ ಚಳವಳಿ ಇನ್ನೂ ಗಂಭೀರವಾಗಿ ಗಮನಿಸಿಲ್ಲ.

ಜೇಬಿಗೆ ಬಂದ ಟರ್ಮಿನೇಟರ್

ಫೋನಿಗೆ ದೇಹವೂ ಇದೆ, ಅದನ್ನು ನಡೆಸುವ ಜೀವವೂ ಇದೆ. ಗಾಜು, ಲೋಹ, ಬ್ಯಾಟರಿ, ಚಿಪ್ಪು ಇವು ದೇಹ. ಇವನ್ನೆಲ್ಲ ದುಡಿಸುವ ಕಾರ್ಯಾಚರಣ ವ್ಯವಸ್ಥೆ ಎಂಬ ತಂತ್ರಾಂಶವೇ ಜೀವ. ಆಂಡ್ರಾಯ್ಡ್ ಅಂತಹ ಒಂದು ವ್ಯವಸ್ಥೆ. ತಂತ್ರಾಂಶದಲ್ಲಿ ಲೋಪಗಳು ಪತ್ತೆಯಾಗುತ್ತಲೇ ಇರುತ್ತವೆ, ಅವನ್ನು ಮುಚ್ಚುವ ತಿದ್ದುಪಡಿಗಳನ್ನು, ಅಂದರೆ ಅಪ್‌ಡೇಟ್‌ಗಳನ್ನು, ತಯಾರಕರು ಕಾಲಕಾಲಕ್ಕೆ ಕಳುಹಿಸಬೇಕು. ಅವರು ಕಳುಹಿಸುವುದನ್ನು ನಿಲ್ಲಿಸಿದ ದಿನದಿಂದ ಫೋನಿನ ಸಾವು ಆರಂಭವಾಗುತ್ತದೆ. ಮೊದಲು ಕಳ್ಳ ತಂತ್ರಾಂಶಗಳಿಗೆ ಬಾಗಿಲು ತೆರೆಯುತ್ತದೆ, ಬಳಿಕ ಒಂದೊಂದೇ ಆಪ್ ಕೈಕೊಡುತ್ತದೆ. ಕೊನೆಗೆ ಅಂಗಡಿಯವನು 'ಇದು ಹಳೇ ಮಾಡೆಲ್, ಹೊಸದು ತಗೊಳ್ಳಿ' ಎನ್ನುತ್ತಾನೆ.

ಕರ್ನಾಟಕದ ರೈತರಿಗೆ ಈ ಕಥೆ ಹೊಸದಲ್ಲ. 1998ರಲ್ಲಿ ಟರ್ಮಿನೇಟರ್ ತಂತ್ರಜ್ಞಾನದ ಸುದ್ದಿ ಹಬ್ಬಿದಾಗ ರಾಜ್ಯವೇ ಬೆಚ್ಚಿತ್ತು. ಬೆಳೆದ ಕಾಳು ಮತ್ತೆ ಮೊಳೆಯದಂತೆ ಮಾಡಿ, ಪ್ರತಿವರ್ಷವೂ ರೈತನನ್ನು ಕಂಪೆನಿಯ ಬಾಗಿಲಿಗೆ ಎಳೆಯುವುದೇ ಅದರ ಉದ್ದೇಶವಾಗಿತ್ತು. ಅದೇ ವರ್ಷ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘವು ಕುಲಾಂತರಿ ಹತ್ತಿಯ ಪ್ರಯೋಗದ ತಾಕುಗಳಿಗೆ ಬೆಂಕಿಯಿಟ್ಟು ಪ್ರತಿಭಟಿಸಿತು. ಆ ವಿಧಾನವನ್ನು ಒಪ್ಪಿದವರೂ ಇದ್ದರು, ಒಪ್ಪದವರೂ ಇದ್ದರು. ಅದು ಎತ್ತಿದ ಪ್ರಶ್ನೆಯನ್ನು ಮಾತ್ರ ಯಾರೂ ಅಲ್ಲಗಳೆಯಲಾಗಲಿಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ತನ್ನ ಬೆಳೆಯ ಬೀಜವನ್ನು ಕಾದಿಡುವ, ಮರುಬಿತ್ತುವ, ವಿನಿಮಯ ಮಾಡುವ ಹಕ್ಕನ್ನು ರೈತನಿಗೆ ಲಿಖಿತವಾಗಿ ನೀಡಿತು. ಟರ್ಮಿನೇಟರ್ ಬೀಜ ಮಾರುಕಟ್ಟೆಗೆ ಬರಲೇ ಇಲ್ಲ.

ಗದ್ದೆಗೆ ಬಾರದ ಆ ಟರ್ಮಿನೇಟರ್ ಇಂದು ಜೇಬಿಗೆ ಬಂದು ಕುಳಿತಿದೆ. ಹಣ ಕೊಟ್ಟು ಕೊಂಡ ಫೋನಿನ ಆಯುಷ್ಯವನ್ನು ಕೊಂಡವನು ನಿರ್ಧರಿಸುವುದಿಲ್ಲ, ಮಾರಿದವನು ನಿರ್ಧರಿಸುತ್ತಾನೆ. ಈ ನಿರ್ಧಾರದಲ್ಲೂ ವರ್ಗಭೇದವಿದೆ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿಗೆ, 2024ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24 ಫೋನಿಗೆ 7 ವರ್ಷಗಳ ಅಪ್‌ಡೇಟ್ ಘೋಷಿಸಿದವು. ಅವು ಬಿಡುಗಡೆಯಾದಾಗ ಎಪ್ಪತ್ತು ಸಾವಿರ ರೂಪಾಯಿಗೂ ಮಿಕ್ಕ ಬೆಲೆಯ ಫೋನುಗಳು. ಎಂಟು ಹತ್ತು ಸಾವಿರ ರೂಪಾಯಿಯ ಫೋನುಗಳ ಪೈಕಿ ಹೆಚ್ಚಿನವಕ್ಕೆ ಸಿಕ್ಕಿದ್ದು ಎರಡೋ ಮೂರೋ ವರ್ಷ. ತಂತ್ರಾಂಶವನ್ನು ದೀರ್ಘಕಾಲ ಕಾಪಾಡುವುದು ಸಾಧ್ಯ ಎಂಬುದನ್ನು ಕಂಪೆನಿಗಳೇ ಸಾಬೀತುಪಡಿಸಿವೆ. ಬಡವನ ಫೋನಿಗೆ ಅದನ್ನು ಮಾಡುವ ಮನಸ್ಸು ಮಾತ್ರ ಅವುಗಳಿಗಿಲ್ಲ. ಎಸ್ಟೇಟ್ ಮಾಲೀಕನ ಫೋನು ಏಳು ವರ್ಷ ಬಾಳುತ್ತದೆ, ಅವನ ತೋಟದಲ್ಲಿ ಕಾಫಿ ಕೊಯ್ಯುವವಳ ಫೋನು ಮೂರನೆಯ ಮಳೆಗಾಲಕ್ಕೆ ಮುದಿಯಾಗುತ್ತದೆ.

ಭಾಷೆಯೂ ಈ ಬೇಲಿಯ ಹೊರಗೆ ಉಳಿದ ಉದಾಹರಣೆಯಿದೆ. ಆಂಡ್ರಾಯ್ಡ್‌ಗೆ ಕನ್ನಡ ಅಕ್ಷರಗಳ ಬೆಂಬಲ ಅಧಿಕೃತವಾಗಿ ಸೇರಿದ್ದು 2012ರ 4.1ನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲಿನ ಬಹುತೇಕ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. ತಯಾರಕರು ಅಪ್‌ಡೇಟ್ ಕೊಡದ ಫೋನು ಹೊಂದಿದವನಿಗೆ ಕನ್ನಡ ಓದುವ ಭಾಗ್ಯವೂ ಇರಲಿಲ್ಲ.

ಕಸದ ಗುಂಡಿಯೂ ಗಣಿಯ ಗುಂಡಿಯೂ

ಎಸೆದ ಫೋನು ಎಲ್ಲಿಗೆ ಹೋಗುತ್ತದೆ? ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಜಾಗತಿಕ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ ಉತ್ಪತ್ತಿಯಾದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಸಂಸ್ಕರಣೆಗೊಂಡದ್ದು ಕೇವಲ ಶೇ. 22.3. ಕರ್ನಾಟಕದಲ್ಲಿ ದಾಬಸ್‌ಪೇಟೆಯ ಇ-ಪರಿಸರ ಸಂಸ್ಥೆ 2005ರಲ್ಲಿಯೇ ಇಂತಹ ಕಸದ ಶಾಸ್ತ್ರೀಯ ವಿಲೇವಾರಿ ಆರಂಭಿಸಿತು. ಆದರೆ ಬಿಸಿಲೆಯ ಅಂಚಿನ ಊರೊಂದರ ಸತ್ತ ಫೋನು ದಾಬಸ್‌ಪೇಟೆಯನ್ನು ತಲುಪುವ ದಾರಿ ಯಾವುದು? ಅದು ಮೊದಲು ಮನೆಯ ಕಪಾಟಿನಲ್ಲಿ ಕೊಳೆಯುತ್ತದೆ, ಬಳಿಕ ಗುಜರಿಯವನ ಚೀಲ ಸೇರುತ್ತದೆ, ಇಲ್ಲವೇ ಪ್ಲಾಸ್ಟಿಕ್ಕಿನೊಡನೆ ತೋಟದ ಮೂಲೆಯ ಗುಂಡಿಯಲ್ಲಿ ಬೆಂಕಿಗೆ ಬೀಳುತ್ತದೆ. ಉಬ್ಬಿದ ಲಿಥಿಯಂ ಬ್ಯಾಟರಿ ಅಲ್ಲಿ ಸಿಡಿಯುತ್ತದೆ. ಉಳಿದ ಭಾರಲೋಹ ಮಳೆನೀರಿನೊಡನೆ ಇಳಿಯುವುದು ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ.

ಕಸದ ಗುಂಡಿ ಕಥೆಯ ಅರ್ಧ ಮಾತ್ರ, ಇನ್ನರ್ಧ ಗಣಿಯ ಗುಂಡಿ. ಒಂದು ಸ್ಮಾರ್ಟ್‌ಫೋನು ತನ್ನ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದ ಬಹುಪಾಲು ಅದನ್ನು ಬಳಸುವುದರಿಂದ ಬರುವುದಿಲ್ಲ, ತಯಾರಿಸುವುದರಿಂದ ಬರುತ್ತದೆ. ಬ್ಯಾಟರಿಗೆ ಬೇಕಾದ ಕೋಬಾಲ್ಟ್‌ನಲ್ಲಿ ಹೆಚ್ಚಿನ ಪಾಲನ್ನು ಅಗೆಯುವುದು ಕಾಂಗೋ ದೇಶದ ನೆಲದಲ್ಲಿ. ಅಲ್ಲಿನ ಗಣಿಗಳಲ್ಲಿ ಮಕ್ಕಳೂ ದುಡಿದ ಸಂಗತಿ ಲೋಕಕ್ಕೆ ತಿಳಿದಿದೆ. ಕಾಂಗೋ ದೂರವಾಯಿತೆನ್ನುವವರು ಮಂಡ್ಯವನ್ನು ನೋಡಲಿ. ಮರ್ಲಗಲ್ಲ-ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್ ಲಿಥಿಯಂ ನಿಕ್ಷೇಪದ ಅಂದಾಜನ್ನು ಪರಮಾಣು ಖನಿಜ ಅನ್ವೇಷಣಾ ನಿರ್ದೇಶನಾಲಯ 2021ರ ವೇಳೆಗೆ ನೀಡಿತು. ಹಾಸನ ಜಿಲ್ಲೆಯ ಮಗ್ಗುಲಲ್ಲಿಯೇ ಬ್ಯಾಟರಿಯ ಹಸಿವಿಗೆ ನೆಲ ಅಳೆಯುವ ಕೆಲಸ ನಡೆದಿದೆ. ಮೂರು ವರ್ಷಕ್ಕೊಮ್ಮೆ ಫೋನು ಬದಲಿಸುವ ಸಮಾಜಕ್ಕೆ ಯಾವ ಬೆಟ್ಟವೂ ಸಾಲದು.

ಸರ್ಕಾರವಾದರೂ ಈ ಓಟಕ್ಕೆ ಕಡಿವಾಣ ಹಾಕಿತೇ? ಬದಲಾಗಿ ಚಾಟಿ ಬೀಸಿತು. 2020ರಿಂದ ರಾಜ್ಯದ ರೈತರು ಬೆಳೆ ಸಮೀಕ್ಷೆಯನ್ನು ತಮ್ಮದೇ ಮೊಬೈಲಿನ ಆಪ್ ಮೂಲಕ ದಾಖಲಿಸುವ ಪದ್ಧತಿ ಬಂದಿತು. 2023ರ ಜನವರಿ 1ರಿಂದ ಉದ್ಯೋಗ ಖಾತರಿ ಕಾಮಗಾರಿಗಳ ಹಾಜರಾತಿಯನ್ನು ಎನ್‌ಎಂಎಂಎಸ್ ಎಂಬ ಆಪ್‌ನಲ್ಲಿ ಛಾಯಾಚಿತ್ರ ಸಹಿತ ಹಾಕುವುದನ್ನು ಕೇಂದ್ರವು ಕಡ್ಡಾಯಗೊಳಿಸಿತು. ಫೋನು ಕೊಡದೆ ಫೋನನ್ನು ಕಡ್ಡಾಯ ಮಾಡುವ ಈ ಆಡಳಿತಕ್ಕೆ ಹಳೆಯ ಫೋನುಗಳ ಗತಿಯೇನೆಂಬ ಚಿಂತೆ ಇಲ್ಲ. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಷ್ಟು ಶೇಕಡಾ ಮರುಸಂಸ್ಕರಣೆ ಆಗಬೇಕೆಂದು ತಯಾರಕರಿಗೆ ಗುರಿ ವಿಧಿಸಿವೆ. ಒಂದು ಫೋನಿಗೆ ಇಷ್ಟು ವರ್ಷ ಅಪ್‌ಡೇಟ್ ಕೊಡಲೇಬೇಕೆಂಬ ಮಾತು ಅವುಗಳಲ್ಲಿಲ್ಲ. ಹೆಣದ ಸಂಸ್ಕಾರಕ್ಕೆ ನಿಯಮವಿದೆ, ಅಕಾಲ ಮೃತ್ಯುವನ್ನು ತಡೆಯಲು ಇಲ್ಲ.

ಕಸಿಯ ಪಾಠ

ಇದಕ್ಕೆ ಪರಿಹಾರವಿಲ್ಲವೇ? ಇದೆ, ಮತ್ತು ಅದರ ತತ್ವ ಕಾಫಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಫಸಲು ಕುಗ್ಗಿದ ಹಳೆಯ ರೊಬಸ್ಟಾ ಗಿಡವನ್ನು ಬುದ್ಧಿವಂತ ಬೆಳೆಗಾರ ಬೇರುಸಹಿತ ಕೀಳುವುದಿಲ್ಲ. ಬುಡದಿಂದ ಸ್ವಲ್ಪ ಎತ್ತರಕ್ಕೆ ಕಾಂಡವನ್ನು ಕತ್ತರಿಸಿ, ಬಂದ ಗಟ್ಟಿ ಚಿಗುರಿಗೆ ಉತ್ತಮ ತಳಿಯ ಕುಡಿಯನ್ನು ಕಸಿ ಮಾಡುತ್ತಾನೆ. ಆಳಕ್ಕಿಳಿದ ಹಳೆಯ ಬೇರು ಹಾಗೆಯೇ ಉಳಿಯುತ್ತದೆ, ಮೇಲೆ ಹೊಸ ಗಿಡ ಏಳುತ್ತದೆ. ಹಳೆಯ ಫೋನಿಗೆ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕುವುದೂ ಇಂತಹುದೇ ಕಸಿ.

ಆಂಡ್ರಾಯ್ಡ್‌ನ ತಿರುಳು ಮುಕ್ತ ತಂತ್ರಾಂಶ. ಅದರ ಅಡಿಪಾಯವಾದ ಲಿನಕ್ಸ್ ಕರ್ನೆಲ್‌ನ ಪರವಾನಗಿಯ ಪ್ರಕಾರ, ಅದನ್ನು ಬದಲಿಸಿ ಫೋನಿನೊಡನೆ ವಿತರಿಸುವ ಕಂಪೆನಿಯು ಬದಲಿಸಿದ ಮೂಲಸಂಕೇತವನ್ನೂ ಹಂಚಿಕೊಳ್ಳಬೇಕು. ಈ ಆಧಾರದ ಮೇಲೆ 2009ರಲ್ಲಿ ಸೈನೋಜೆನ್‌ಮಾಡ್ ಎಂಬ ಸಾಮುದಾಯಿಕ ಆವೃತ್ತಿ ಹುಟ್ಟಿತು. ಅದರ ಸುತ್ತ ಬೆಳೆದ ಕಂಪೆನಿ 2016ರ ಡಿಸೆಂಬರಿನಲ್ಲಿ ಕೈಚೆಲ್ಲಿದಾಗ ಸ್ವಯಂಸೇವಕರು ಅದೇ ಕೆಲಸವನ್ನು ಲಿನೇಜ್‌ಓಎಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಕಂಪೆನಿ ಸತ್ತರೂ ತಂತ್ರಾಂಶ ಸಾಯಲಿಲ್ಲ, ಏಕೆಂದರೆ ಅದರ ಬೀಜ ಎಲ್ಲರ ಕಣಜದಲ್ಲಿತ್ತು.

ಫಲವೇನು? 2014ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ಫೋನಿಗೆ ತಯಾರಕರು ಕೊಟ್ಟ ಕೊನೆಯ ಆವೃತ್ತಿ ಆಂಡ್ರಾಯ್ಡ್ 6. ಅದೇ ಫೋನಿಗೆ 2021ರಲ್ಲಿ ಲಿನೇಜ್‌ಓಎಸ್ ಸ್ವಯಂಸೇವಕರು ಆಂಡ್ರಾಯ್ಡ್ 11ನ್ನು ಆಧರಿಸಿದ ಆವೃತ್ತಿಯನ್ನು ಒದಗಿಸಿದರು. ಸಾವಿರಾರು ಕೋಟಿ ವ್ಯವಹಾರದ ಕಂಪೆನಿ 'ಆಗದು' ಎಂದು ಕೈಬಿಟ್ಟದ್ದನ್ನು, ಬಿಡುವಿನ ವೇಳೆಯಲ್ಲಿ ದುಡಿಯುವ ಕೆಲವು ಉತ್ಸಾಹಿಗಳು ಆಗಿಸಿ ತೋರಿಸಿದರು. ಹಾಗಾದರೆ ಆಗದಿದ್ದುದು ತಂತ್ರಜ್ಞಾನವೋ, ಲಾಭದ ಲೆಕ್ಕವೋ?

ಕಸಿಯ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲು ಫೋನಿನ ನಿಖರ ಮಾದರಿಯನ್ನು ತಿಳಿಯಬೇಕು. ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್ಪಿನ ಫೋನುಗಳು ಮಾರಾಟವಾಗಿರುತ್ತವೆ, ಒಂದರ ಕಡತ ಇನ್ನೊಂದಕ್ಕೆ ಹಾಕಿದರೆ ಫೋನು ಇಟ್ಟಿಗೆಯಂತಾಗುತ್ತದೆ. ಲಿನೇಜ್‌ಓಎಸ್‌ನ ಅಧಿಕೃತ ಪಟ್ಟಿಯಲ್ಲಿ ಆ ಮಾದರಿ ಇದೆಯೇ ಎಂದು ನೋಡಿ, ಅಲ್ಲಿಂದಲೇ ಕಡತ ಇಳಿಸಿಕೊಳ್ಳಬೇಕು. ಯಾರೋ ಕಳುಹಿಸಿದ ಕೊಂಡಿಯಿಂದಲ್ಲ. ಬಳಿಕ ಚಿತ್ರ, ದೂರವಾಣಿ ಸಂಖ್ಯೆ, ದಾಖಲೆಗಳನ್ನು ಬೇರೆಡೆಗೆ ನಕಲಿಸಬೇಕು, ಏಕೆಂದರೆ ಮುಂದಿನ ಹೆಜ್ಜೆಯಲ್ಲಿ ಎಲ್ಲವೂ ಅಳಿಸಿಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ಸಂಖ್ಯೆಯನ್ನು ಏಳು ಬಾರಿ ಒತ್ತಿದರೆ ಅಭಿವೃದ್ಧಿಕಾರರ ಆಯ್ಕೆಗಳು ತೆರೆಯುತ್ತವೆ. ಬೀಗ ತೆರೆಯಲು ಅನುಮತಿ ನೀಡುವ ಗುಂಡಿ ಅಲ್ಲಿರುತ್ತದೆ. ಫೋನು ಎಚ್ಚರಗೊಳ್ಳುವಾಗ ಮೊದಲು ಓಡುವ ಬೂಟ್‌ಲೋಡರ್ ಎಂಬ ಕಾವಲುಗಾರನ ಬೀಗವನ್ನು ಕಂಪ್ಯೂಟರಿಗೆ ಕೇಬಲ್ ಜೋಡಿಸಿ ತೆರೆಯಬೇಕು. ನಂತರ ರಿಕವರಿ ಎಂಬ ಚಿಕ್ಕ ತಂತ್ರಾಂಶವನ್ನು ಹಾಕಿ, ಅದರ ಮೂಲಕ ಹೊಸ ವ್ಯವಸ್ಥೆಯನ್ನು ಇಳಿಸಬೇಕು. ಗೂಗಲ್‌ನ ಆಪ್‌ಗಳು ಬೇಕಿದ್ದರೆ ಮೊದಲ ಬಾರಿ ಚಾಲೂ ಮಾಡುವ ಮುನ್ನವೇ ಅವನ್ನು ಸೇರಿಸಬೇಕು. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ಯಾವಾಗ ಹೋಗುವುದೋ ತಿಳಿಯದ ಕಾರಣ ಫೋನು, ಲ್ಯಾಪ್‌ಟಾಪ್ ಎರಡೂ ತುಂಬ ಚಾರ್ಜ್ ಆಗಿರಲೇಬೇಕು. ಕಾಲೇಜು ವಿದ್ಯಾರ್ಥಿಯೊಬ್ಬನಿಗೆ ಇದು ಒಂದು ಮಧ್ಯಾಹ್ನದ ಕೆಲಸ.

ಒಪ್ಪಿಕೊಳ್ಳಬೇಕಾದ ಮಿತಿಗಳು

ಕಸಿ ಮಾಡಿದ ಗಿಡಗಳೆಲ್ಲ ಹಿಡಿಯುವುದಿಲ್ಲ. ಹಾಗೆಯೇ ಈ ಕ್ರಮಕ್ಕೂ ಮಿತಿಗಳಿವೆ, ಅವನ್ನು ಮುಚ್ಚಿಟ್ಟು ಹಳ್ಳಿಗರನ್ನು ಹುರಿದುಂಬಿಸುವುದು ಅಪ್ರಾಮಾಣಿಕವಾಗುತ್ತದೆ. ಬೀಗ ತೆರೆದ ಫೋನಿನಲ್ಲಿ ಬ್ಯಾಂಕಿನ ಹಾಗೂ ಹಣ ಪಾವತಿಯ ಕೆಲವು ಆಪ್‌ಗಳು ಕೆಲಸ ಮಾಡಲು ನಿರಾಕರಿಸುತ್ತವೆ. ಕೆಲವು ಮಾದರಿಗಳಲ್ಲಿ 4ಜಿ ಜಾಲದ ಮೂಲಕ ಕರೆ ಮಾಡುವ ಸೌಲಭ್ಯ ತಪ್ಪುತ್ತದೆ. ಒಂದೇ ಗೋಪುರದ ಸಂಕೇತವನ್ನು ನಂಬಿದ ಊರಿನಲ್ಲಿ ಇದು ಸಣ್ಣ ತೊಂದರೆಯಲ್ಲ. ಚಿಪ್ಪಿನ ತಯಾರಕರು ಮಾತ್ರ ಸರಿಪಡಿಸಬಲ್ಲ ಲೋಪಗಳು ಹಾಗೆಯೇ ಉಳಿಯುತ್ತವೆ. ಬೀಗ ತೆರೆದ ಫೋನು ಕಳ್ಳನ ಕೈಗೆ ಸಿಕ್ಕರೆ ಅಪಾಯ ಹೆಚ್ಚು. ಆದುದರಿಂದ ಮನೆಯ ಏಕೈಕ ಫೋನಿನ ಮೇಲೆ ಮೊದಲ ಪ್ರಯೋಗ ಸಲ್ಲದು. ಕಪಾಟಿನಲ್ಲಿ ಮಲಗಿರುವ ಹಳೆಯ ಫೋನಿನಿಂದಲೇ ಆರಂಭಿಸಬೇಕು.

ಎಲ್ಲಕ್ಕಿಂತ ದೊಡ್ಡ ಮಿತಿಯನ್ನು ಒಡ್ಡುವವರು ಕಂಪೆನಿಗಳೇ. ಹುವಾವೇ ಕಂಪೆನಿ 2018ರಲ್ಲಿ ಬೀಗ ತೆರೆಯುವ ಸಂಕೇತಗಳನ್ನು ಕೊಡುವುದನ್ನೇ ನಿಲ್ಲಿಸಿತು. ಇನ್ನು ಕೆಲವರು ಅರ್ಜಿ ಹಾಕಿ ದಿನಗಟ್ಟಲೆ ಕಾಯುವಂತೆ ಮಾಡುತ್ತಾರೆ, ಮತ್ತೆ ಕೆಲವರು ದಾರಿಯನ್ನೇ ಇಡುವುದಿಲ್ಲ. ಕೇಳಿದರೆ ಬಳಕೆದಾರರ ಭದ್ರತೆಗಾಗಿ ಎನ್ನುತ್ತಾರೆ. ಈ ವಾದದಲ್ಲಿ ಸತ್ಯದ ಅಂಶವಿದೆ. ಅಪ್‌ಡೇಟ್ ಬರುತ್ತಿರುವ ಫೋನಿಗೆ ಬೀಗ ರಕ್ಷಣೆಯೇ ಹೌದು. ಆದರೆ ಅಪ್‌ಡೇಟ್ ನಿಲ್ಲಿಸಿದ ಮರುದಿನವೂ ಆ ಬೀಗ ಯಾರನ್ನು ಕಾಯುತ್ತದೆ? ಮನೆಗೆ ಮಾಡು ಹೊದಿಸುವುದನ್ನು ಬಿಟ್ಟ ಗುತ್ತಿಗೆದಾರ, ಬೇರೆಯವರು ಹೊದಿಸಬಾರದೆಂದು ಬಾಗಿಲಿಗೆ ಬೀಗ ಹಾಕಿಕೊಂಡು ಹೋದಂತಾಯಿತು. ಸೋರುವ ಮನೆಯೊಳಗೆ ಕುಳಿತವನಿಗೆ ಆ ಬೀಗದಿಂದ ಯಾವ ಭದ್ರತೆ?

ಚಳವಳಿಯ ಕೈಯಲ್ಲಿರುವ ಫೋನು

ಎತ್ತಿನಹೊಳೆಯ ನೀರು ತಿರುಗಿಸಬೇಡಿ, ಗುಂಡ್ಯದ ಕಾಡು ಮುಳುಗಿಸಬೇಡಿ ಎಂದು ಬೀದಿಗಿಳಿದವರ ಜೇಬಿನಲ್ಲಿಯೂ ಈ ಪ್ರಶ್ನೆ ಮಿಡಿಯುತ್ತಿದೆ. ಕೊಳ್ಳುಬಾಕತನವನ್ನು ಖಂಡಿಸುವ ಭಾಷಣವನ್ನು ಹೊಸ ಫೋನಿನಲ್ಲಿ ಚಿತ್ರಿಸಿ ಹಂಚಿದರೆ ಖಂಡನೆ ಪೂರ್ಣವಾಗದು. ಕಾಫಿ ಸೀಮೆಯ ಹಳೆಯ ತೋಟದ ಮನೆಗಳಲ್ಲಿ ತಲೆಮಾರುಗಳಿಂದ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳಿವೆ. ಅವುಗಳ ರಟ್ಟು ಹರಿದಾಗ ಹೊಲಿದರು, ಪುಟ ಮುಗಿದಾಗ ಸೇರಿಸಿದರು. ರಿಪೇರಿ ಎಂಬುದು ಮಲೆನಾಡಿಗೆ ಬಡತನದ ಗುರುತಾಗಿರಲಿಲ್ಲ, ಅದು ಬದುಕಿನ ಕ್ರಮವಾಗಿತ್ತು. ಕೊಡೆ ರಿಪೇರಿಗೆ, ಮಾಡಿನ ಹೆಂಚಿಗೆ ಸಲ್ಲುತ್ತಿದ್ದ ಆ ಕ್ರಮ ಫೋನಿಗೆ ಏಕೆ ಸಲ್ಲಬಾರದು?

ಆದರೆ ಮನೆಮನೆಯ ರಿಪೇರಿಯೊಂದರಿಂದಲೇ ಈ ಅನ್ಯಾಯ ನೀಗದು. ಕಾನೂನು ಬದಲಾಗಬೇಕು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಕಾರ್ಯಾಚರಣ ವ್ಯವಸ್ಥೆಯ ಅಪ್‌ಡೇಟ್‌ಗಳು ದೊರೆಯಬೇಕು, 7 ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು. ಅದೇ ಕಂಪೆನಿಗಳು ಅಲ್ಲಿ ಒಪ್ಪಿದ ಷರತ್ತನ್ನು ಇಲ್ಲಿ ಒಪ್ಪಲಾರವೇ? ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಜಾಲತಾಣವನ್ನು ತೆರೆಯಿತು. ಆದರೆ ಜಾಲತಾಣದಲ್ಲಿ ಕಂಪೆನಿಯ ಸೇವಾಕೇಂದ್ರದ ವಿಳಾಸ ಸಿಕ್ಕರೆ ಅದು ಹಕ್ಕಾಗುವುದಿಲ್ಲ. ಬೀಜದ ಹಕ್ಕು ಕಾಯ್ದೆಯ ಪುಟಕ್ಕೆ ಬಂದಂತೆ ಇದೂ ಬರಬೇಕು.

ಮಲೆನಾಡಿನ ಗ್ರಾಮಸಭೆಗಳು, ರೈತ ಮತ್ತು ಕಾರ್ಮಿಕ ಸಂಘಟನೆಗಳು, ವಿದ್ಯಾರ್ಥಿ ಬಳಗಗಳು ಒಕ್ಕೊರಲಿನಿಂದ ಎತ್ತಬೇಕಾದ ಬೇಡಿಕೆಗಳು ಇವು:

1. ಅಪ್‌ಡೇಟ್ ಯಾವ ವರ್ಷದವರೆಗೆ ದೊರೆಯುವುದೆಂಬುದನ್ನು ಬೆಲೆಯ ಪಕ್ಕದಲ್ಲಿಯೇ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಬೇಕು. ಔಷಧಕ್ಕೆ ಅವಧಿ ಬರೆಯುವ ದೇಶದಲ್ಲಿ ಇದು ಅಸಾಧ್ಯವಲ್ಲ.

2. ಅಪ್‌ಡೇಟ್ ನಿಲ್ಲಿಸಿದ ದಿನವೇ ಬೂಟ್‌ಲೋಡರ್ ಬೀಗದ ಕೀಲಿಯನ್ನು ಷರತ್ತಿಲ್ಲದೆ ಫೋನಿನ ಒಡೆಯನಿಗೆ ಒಪ್ಪಿಸಬೇಕು.

3. ಕಡಿಮೆ ಬೆಲೆಯ ಫೋನಿಗೂ ಕನಿಷ್ಠ 5 ವರ್ಷದ ಅಪ್‌ಡೇಟ್ ಕಡ್ಡಾಯವಾಗಬೇಕು.

4. ಸರ್ಕಾರದ ಯಾವುದೇ ಆಪ್ ಹಳೆಯ ಆವೃತ್ತಿಗಳಲ್ಲಿಯೂ ಮುಕ್ತ ತಂತ್ರಾಂಶದ ಫೋನುಗಳಲ್ಲಿಯೂ ನಡೆಯಬೇಕು. ಆನೆಯ ಎಚ್ಚರಿಕೆಯಂತಹ ಪ್ರಾಣರಕ್ಷಣೆಯ ಸಂದೇಶಗಳು ಆಪ್‌ಗಳನ್ನಷ್ಟೇ ನೆಚ್ಚದೆ ಗುಂಡಿ ಫೋನಿಗೂ ಎಸ್‌ಎಂಎಸ್, ಧ್ವನಿಕರೆಗಳ ಮೂಲಕ ತಲುಪಬೇಕು.

5. ಸಕಲೇಶಪುರ, ಆಲೂರು ಎರಡೂ ಪಟ್ಟಣಗಳಲ್ಲಿ ಇ-ತ್ಯಾಜ್ಯ ಸಂಗ್ರಹ ಕೇಂದ್ರ ತೆರೆದು, ತಯಾರಕರ ಖರ್ಚಿನಲ್ಲಿ ಸಾಗಿಸಬೇಕು.

ಬೇಡಿಕೆ ಈಡೇರುವವರೆಗೆ ಸುಮ್ಮನಿರಬೇಕಾಗಿಲ್ಲ. ಕರ್ನಾಟಕದಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಬಳಗಗಳು ಕಾಲೇಜು ವಿದ್ಯಾರ್ಥಿಗಳಿಗೆ ಶಿಬಿರಗಳನ್ನು ನಡೆಸಿದ ಪರಂಪರೆಯಿದೆ. ಘಟ್ಟದ ಕಾಲೇಜುಗಳಲ್ಲಿಯೂ ವಾರಕ್ಕೊಂದು ಸಂಜೆ, ಒಂದು ಲ್ಯಾಪ್‌ಟಾಪ್, ನಾಲ್ಕು ಕೇಬಲ್ ಇಟ್ಟುಕೊಂಡು ಕಸಿಯ ಮೇಜನ್ನು ಆರಂಭಿಸಬಹುದು. ಬಳಕೆಗೆ ಮರಳಿದ ಫೋನು ಲೈನ್ ಮನೆಯ ಹುಡುಗಿಯ ಓದಿಗೆ, ಶಾಲೆಯ ಮಳೆ ದಾಖಲೆಗೆ, ಕಾವಲುಗಾರನ ಎಚ್ಚರಿಕೆಗೆ ಒದಗುತ್ತದೆ. ಕಸಿ ಹಿಡಿಯದ ಫೋನು ಸಂಗ್ರಹ ಕೇಂದ್ರಕ್ಕೆ ಹೋಗಲಿ, ತೋಟದ ಗುಂಡಿಗೆ ಮಾತ್ರ ಬೇಡ.

ಕಾಫಿ ಗಿಡದ ಆಯುಷ್ಯವನ್ನು ಗೊಬ್ಬರದ ಕಂಪೆನಿ ನಿರ್ಧರಿಸಲು ಬೆಳೆಗಾರ ಬಿಡುವುದಿಲ್ಲ. ಬೇರು ಗಟ್ಟಿಯಿದೆಯೇ ಎಂದು ತಾನೇ ಮುಟ್ಟಿ ನೋಡುತ್ತಾನೆ, ಕತ್ತಿ ಹಿಡಿಯುವುದೋ ಕುಡಿ ಕಟ್ಟುವುದೋ ಎಂದು ತಾನೇ ತೀರ್ಮಾನಿಸುತ್ತಾನೆ. ಕೊಂಡ ಫೋನಿನ ಮೇಲೂ ಕೊಂಡವರಿಗೆ ಅಷ್ಟೇ ಅಧಿಕಾರವಿರಬೇಕು. ಅದನ್ನು ಯಾರೂ ತಾವಾಗಿ ಕೊಡುವುದಿಲ್ಲ. ಬೀಜದ ಹಕ್ಕನ್ನು ಕೇಳಿ ಪಡೆದ ನಾಡು ಇದನ್ನೂ ಕೇಳಿಯೇ ಪಡೆಯಬೇಕಾಗಿದೆ.